ಬೇಲಿಯನ್ನು ದಾಟಿದ ಹೂವು



ಕಳೆದ ಎರಡು ಮಳೆಗಾಲಗಳಲ್ಲಿ ನಮ್ಮ ಪ್ರೌಢಶಾಲೆಯ ದಕ್ಷಿಣದ ಗೋಡೆಯುದ್ದಕ್ಕೂ ಇದ್ದ ಹಳದಿ ಹೂವಿನ ಪಾತಿಯನ್ನು ಬೇರುಸಹಿತವಾಗಿ ತೆಗೆಸಿದ್ದೇವೆ. ಈ ಸುದ್ದಿಯನ್ನು ಕೇಳಿ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ವ್ಯಸನಪಟ್ಟು ಪತ್ರ ಬರೆದಿರುವರು. ಆ ಪಾತಿಯ ಅಂಚಿನಲ್ಲಿ ಕುಳಿತು ಬುತ್ತಿಯುಂಡವರು, ಅಲ್ಲಿ ನಿಂತು ಬೀಳ್ಕೊಡುಗೆಯ ಭಾವಚಿತ್ರ ತೆಗೆಸಿಕೊಂಡವರು, ಅದೇ ಹೂವನ್ನು ಪುಸ್ತಕದೊಳಗೆ ಒತ್ತಿಟ್ಟುಕೊಂಡವರು ನಿಮ್ಮಲ್ಲಿ ಎಷ್ಟೋ ಮಂದಿ. ಹೂವನ್ನು ಕಿತ್ತುಹಾಕುವುದೂ ಒಂದು ವಿದ್ಯಾಶಾಲೆಯ ಕೆಲಸವೇ ಎಂದು ಒಬ್ಬರು ಕೇಳಿರುವರು. ಪ್ರಶ್ನೆಯು ನ್ಯಾಯವಾದುದು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಬರೆಯುವುದಕ್ಕಿಂತ, ಎಲ್ಲರ ಕೈಗೂ ಸೇರುವ ಈ ಸ್ಮರಣ ಸಂಚಿಕೆಯಲ್ಲಿಯೇ ನನ್ನ ಅಭಿಪ್ರಾಯವನ್ನು ತಿಳಿಯಪಡಿಸುವುದು ಲೇಸೆಂದು ಭಾವಿಸಿದ್ದೇನೆ. ಆ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುವೆನು: ಈ ಹೂವು ನಮ್ಮ ಶಾಲೆಯ ಗೋಡೆಯ ಬಳಿಯಲ್ಲಿ ಮಾತ್ರವಲ್ಲ, ನಿಮ್ಮ ಮನೆಗಳ ಅಂಗಳದಲ್ಲಿಯೂ ಇರಬಾರದು.

ಈ ಗಿಡವನ್ನು ನೀವೆಲ್ಲರೂ ಬಲ್ಲಿರಿ. ಹೆಸರನ್ನು ಕೆಲವರು ಮಾತ್ರ ಬಲ್ಲಿರಿ. ತೋಟಗಾರರು ಇದನ್ನು ವೆಡೇಲಿಯ ಎಂದು ಕರೆಯುವರು. ಸಿಂಗಪುರದ ಡೇಸಿ ಎಂಬ ಹೆಸರೂ ಇದಕ್ಕುಂಟು. ಆದರೆ ಇದು ಸಿಂಗಪುರದ್ದಲ್ಲ. ಮೆಕ್ಸಿಕೋ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಹಾಗೂ ದಕ್ಷಿಣ ಅಮೆರಿಕದ ಉಷ್ಣಪ್ರದೇಶಗಳು ಇದರ ತವರು. ಸಸ್ಯಶಾಸ್ತ್ರಜ್ಞನಾದ ಲಿನ್ನೇಯಸನು ೧೭೫೯ರಲ್ಲಿಯೇ ಇದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟನು. ಅನಂತರ ಇದನ್ನು, ಯೇನಾ ನಗರದ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ವೇಡೆಲನ ಹೆಸರನ್ನು ಹೊತ್ತ ಕುಲಕ್ಕೆ ಸೇರಿಸಿದರು. ೧೯೯೬ರಲ್ಲಿ ಮತ್ತೆ ಕುಲ ಬದಲಾಗಿ, ಈಗ ಶಾಸ್ತ್ರಜ್ಞರು ಇದನ್ನು ಸ್ಫಾಗ್ನೆಟಿಕೋಲ ಟ್ರೈಲೋಬೇಟ ಎನ್ನುವರು. ಟ್ರೈಲೋಬೇಟ ಎಂದರೆ ಮೂರು ಹಾಲೆಗಳುಳ್ಳದ್ದು. ಎಲೆಯನ್ನು ನೋಡಿದರೆ ಆ ಹೆಸರಿನ ಅರ್ಥವು ತಾನಾಗಿಯೇ ತಿಳಿಯುವುದು.

ಒಂಬತ್ತನೆಯ ತರಗತಿಯಲ್ಲಿ ನೀವು ಓದಿದ ಪಾಠವನ್ನು ಇಲ್ಲಿ ಜ್ಞಾಪಿಸುವುದು ತಪ್ಪಾಗಲಾರದು. ನಾವು ಒಂದು ಹೂವೆಂದು ಕಾಣುವ ಡೇಸಿಯು ಒಂದೇ ಹೂವಲ್ಲ. ಅದು ಅನೇಕ ಸಣ್ಣ ಹೂಗಳು ಒಂದೇ ಪೀಠದ ಮೇಲೆ ಕುಳಿತಿರುವ ಸಭೆ. ಅಂಚಿನಲ್ಲಿ ದಳದಂತೆ ಚಾಚಿಕೊಂಡಿರುವ ಒಂದೊಂದೂ ಒಂದು ಹೂವು. ನಡುವಿನ ಚಿಕ್ಕ ಕೊಳವೆಗಳು ಒಂದೊಂದೂ ಒಂದು ಹೂವು. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂ ಇವೆಲ್ಲವೂ ಈ ಕುಟುಂಬದವೇ. ನಮ್ಮ ಗದ್ದೆಯ ಬದುಗಳಲ್ಲಿ ಬೆಳೆಯುವ ಗರುಗದ ಸೊಪ್ಪೂ ಇದೇ ಕುಟುಂಬದ ಬಡ ಸೋದರಿ. ಹೀಗಿರುವಲ್ಲಿ ಡೇಸಿಯ ಕುಟುಂಬದ ಮೇಲೆ ನನಗೆ ಯಾವ ದ್ವೇಷವೂ ಇಲ್ಲವೆಂಬುದನ್ನು ವಾಚಕರು ನಂಬಬೇಕು.

ಈ ಗಿಡವನ್ನು ನೆಟ್ಟವರಿಗೆ ಅದರ ಮೇಲೆ ಪ್ರೀತಿಯುಂಟಾದುದಕ್ಕೆ ಕಾರಣಗಳಿದ್ದುವು. ಬೆಂಗಳೂರಿನ ದಕ್ಷಿಣ ಭಾಗವು ತೋಟಗಳ ಕನಸಿನೊಡನೆಯೇ ಬೆಳೆದ ಊರು. ೧೭೬೦ರಲ್ಲಿ ಹೈದರ್ ಅಲಿಯು ಆರಂಭಿಸಿದ ಲಾಲ್‌ಬಾಗ್ ನಮ್ಮ ನೆರೆಯಲ್ಲಿದೆ. ೧೯೦೮ರಲ್ಲಿ ಇಲ್ಲಿಗೆ ಬಂದ ಕ್ರುಂಬಿಗಲ್ ಮಹಾಶಯರು ಈ ಬೀದಿಯಲ್ಲಿ ಒಂದು ತಿಂಗಳು, ಆ ಬೀದಿಯಲ್ಲಿ ಮತ್ತೊಂದು ತಿಂಗಳು ಹೂ ಬಿಡುವಂತೆ ಮರಗಳನ್ನು ಆರಿಸಿ ನೆಡಿಸಿದರು. ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರವಿಟ್ಟಾಗ ಮನೆಗಳೊಂದಿಗೆ ಉದ್ಯಾನಗಳಿಗೂ ಸ್ಥಳವನ್ನು ಬಿಟ್ಟರು. ಆಮೇಲೆ ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳು ಹುಟ್ಟಿದುವು. ಮನೆಗಳು ಹೆಚ್ಚಿದುವು, ನೀರು ಕಡಮೆಯಾಯಿತು, ತೋಟದ ಕೆಲಸಕ್ಕೆ ಆಳುಗಳು ದೊರೆಯುವುದು ಕಷ್ಟವಾಯಿತು. ಇಂತಹ ಕಾಲದಲ್ಲಿ, ಕಡ್ಡಿಯನ್ನು ಚುಚ್ಚಿದರೆ ಸಾಕು ತಾನಾಗಿ ಹಬ್ಬುವ, ಬಿಸಿಲಿಗೂ ನೆರಳಿಗೂ ಒಗ್ಗುವ, ಹನ್ನೆರಡು ತಿಂಗಳೂ ಹಸುರಾಗಿದ್ದು ಹೂ ಬಿಡುವ, ಯಾರ ಆರೈಕೆಯನ್ನೂ ಬೇಡದ ಒಂದು ಗಿಡವು ಸಿಕ್ಕಿದರೆ ಯಾರು ತಾನೇ ಒಲ್ಲೆನೆಂದಾರು? ರಸ್ತೆಯ ನಡುವಿನ ಪಟ್ಟಿಗಳಲ್ಲಿ, ಉದ್ಯಾನಗಳ ಇಳಿಜಾರುಗಳಲ್ಲಿ, ಬಹುಮಹಡಿ ಮನೆಗಳ ಆವರಣಗಳಲ್ಲಿ ಅದನ್ನು ನೆಟ್ಟರು. ನಮ್ಮ ಶಾಲೆಯಲ್ಲಿಯೂ, ಈಗ ದೇವರ ಸನ್ನಿಧಿಯನ್ನು ಸೇರಿರುವ ಒಬ್ಬ ಹಿರಿಯ ಉಪಾಧ್ಯಾಯಿನಿಯವರು, ಬರಿದಾಗಿದ್ದ ಗೋಡೆಯನ್ನು ಕಂಡು ಮರುಗಿ, ಮಕ್ಕಳ ಕಣ್ಣಿಗೆ ಸಂತೋಷವಾಗಲೆಂದು ತಮ್ಮ ಕೈಯಿಂದಲೇ ಅದನ್ನು ನೆಟ್ಟರು. ಅವರ ಆ ಪ್ರೀತಿಯು ನಮಗೆ ಪೂಜ್ಯವಾದುದು.

ಆದರೆ ಯಾವ ಗುಣಗಳಿಗಾಗಿ ನಾವು ಇದನ್ನು ಮೆಚ್ಚಿದೆವೋ ಆ ಗುಣಗಳೇ ಇದರ ದೋಷಗಳೂ ಆಗಿವೆ. ಈ ಗಿಡವು ಹಬ್ಬುವುದಕ್ಕೆ ಬೀಜವನ್ನು ಅಷ್ಟಾಗಿ ನೆಚ್ಚುವುದಿಲ್ಲ. ನೆಲದ ಮೇಲೆ ಹರಿಯುವ ದಂಟಿನ ಗೆಣ್ಣುಗೆಣ್ಣಿಗೂ ಬೇರು ಬಿಡುವುದು. ಒಂದೊಂದು ಗೆಣ್ಣೂ ಒಂದೊಂದು ಹೊಸ ಗಿಡವಾಗಬಲ್ಲದು. ಕತ್ತರಿಸಿದರೆ ಸಾಯುವುದಕ್ಕೆ ಬದಲಾಗಿ ಹೆಚ್ಚುವುದು. ಹುಲ್ಲು ಕತ್ತರಿಸುವ ಯಂತ್ರವನ್ನು ಅದರ ಮೇಲೆ ಓಡಿಸಿದರೆ ಒಂದು ಗಿಡವು ನೂರು ತುಂಡಾಗಿ, ಆ ತುಂಡುಗಳು ಯಂತ್ರದ ಚಕ್ರಕ್ಕೂ ಕೆಲಸಗಾರರ ಬುಟ್ಟಿಗೂ ಅಂಟಿ ಬೇರೆ ಕಡೆಗೆ ಹೋಗುವುವು. ತೋಟವನ್ನು ಅಚ್ಚುಕಟ್ಟು ಮಾಡಿದ ಮೇಲೆ ಕಸವನ್ನು ನಾವು ಎಲ್ಲಿಗೆ ಎಸೆಯುತ್ತೇವೆ? ಖಾಲಿ ನಿವೇಶನಕ್ಕೆ, ಇಲ್ಲವೆ ಚರಂಡಿಯ ಬದಿಗೆ. ಮಳೆ ಬಂದಾಗ ಆ ತುಂಡುಗಳು ಚರಂಡಿಯಿಂದ ರಾಜಕಾಲುವೆಗೂ, ಅಲ್ಲಿಂದ ಕೆರೆಯ ದಡಕ್ಕೂ ತೇಲುವುವು. ತೇವವಿದ್ದಲ್ಲಿ ಈ ಗಿಡಕ್ಕೆ ಹಬ್ಬವೇ ಸರಿ. ಅಂಗಳದಲ್ಲಿ ಮೊಣಕಾಲೆತ್ತರವೂ ಇಲ್ಲದೆ ವಿನಯದಿಂದಿದ್ದ ಹೂವು, ನೀರಿನ ಬದಿಯಲ್ಲಿ ದಟ್ಟವಾದ ಕಂಬಳಿಯಂತೆ ಹಾಸಿಕೊಂಡು, ತನ್ನಡಿಯಲ್ಲಿ ಮತ್ತೊಂದು ಮೊಳಕೆಗೆ ಬೆಳಕು ಸಿಕ್ಕದಂತೆ ಮಾಡುವುದು. ಅದರ ಎಲೆ ಬೇರುಗಳಿಂದ ಒಸರುವ ರಸದಲ್ಲಿ ನೆರೆಯ ಗಿಡಗಳ ಬೀಜ ಮೊಳೆಯದಂತೆ ತಡೆಯುವ ಪದಾರ್ಥಗಳಿರುವುವೆಂದು ಶಾಸ್ತ್ರಜ್ಞರು ಪರೀಕ್ಷೆಗಳಿಂದ ಕಂಡುಕೊಂಡಿದ್ದಾರೆ.

ಇದು ನಮ್ಮೂರಿನವರ ಕಲ್ಪನೆಯೆಂದು ಯಾರೂ ತಿಳಿಯಬಾರದು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ ತಜ್ಞರು ೨೦೦೦ದಲ್ಲಿ ಲೋಕದಲ್ಲೆಲ್ಲ ಅತಿ ಕೆಡುಕು ಮಾಡುವ ೧೦೦ ಆಕ್ರಮಣಕಾರಿ ಜೀವಿಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಲಾಂಟಾನ, ನೀರು ಹಯಾಸಿಂತ್ ಮೊದಲಾದವುಗಳ ಜೊತೆಗೆ ಈ ಡೇಸಿಯ ಹೆಸರೂ ಅದರಲ್ಲಿದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಇದನ್ನು ಮಾರುವುದೂ ಇತರರಿಗೆ ಕೊಡುವುದೂ ೨೦೧೪ರ ಕಾಯಿದೆಯ ಮೇರೆಗೆ ನಿಷಿದ್ಧವಾಗಿದೆ. ಶಾಂತಸಾಗರದ ದ್ವೀಪಗಳಲ್ಲಿ ಇದು ಹೊಲಗಳಿಗೂ ಕಡಲತಡಿಗೂ ನುಗ್ಗಿದೆ. ದಕ್ಷಿಣ ಚೀನದಲ್ಲಿ ಇನ್ನೂ ವಿಚಿತ್ರವಾದುದೊಂದು ನಡೆದಿದೆ. ಅಲ್ಲಿಯೂ ನಮ್ಮ ದೇಶದಲ್ಲಿಯೂ ಈ ಕುಲಕ್ಕೇ ಸೇರಿದ ದೇಶೀಯ ಗಿಡವೊಂದಿದೆ. ನಮ್ಮ ವೈದ್ಯರು ಅದನ್ನು ಪೀತಭೃಂಗರಾಜವೆಂದು ಔಷಧಕ್ಕೆ ಬಳಸುವರು. ಹೊರಗಿನಿಂದ ಬಂದ ಡೇಸಿಯು ಚೀನದಲ್ಲಿ ಆ ದೇಶೀಯ ಗಿಡದೊಡನೆ ಬೆರೆತು ಮಿಶ್ರಸಂತಾನವನ್ನು ಪಡೆದಿದೆ. ಹೀಗೆ ಬೆರೆಯುತ್ತ ಹೋದರೆ, ಯಾರೂ ಕೊಲ್ಲದೆಯೇ ಮೂಲದ ಗಿಡವು ಇಲ್ಲವಾಗುವ ಭಯವುಂಟು.

ಇದರಿಂದ ನಮಗೇನು ನಷ್ಟವೆಂದು ಕೇಳಬಹುದು. ಕಂಬಳಿಯ ಅಡಿಯಲ್ಲಿ ಹೋದವುಗಳ ಹೆಸರನ್ನು ಹೇಳುವೆನು, ಕೇಳಿರಿ: ತುಂಬೆ, ಒಂದೆಲಗ, ಗರುಗ, ವಿಷ್ಣುಕ್ರಾಂತಿ, ಗರಿಕೆ. ಇವು ಕಾಡಿನ ಅಪೂರ್ವ ಸಸ್ಯಗಳಲ್ಲ; ನಿಮ್ಮ ಅಜ್ಜಿಯರು ಬಾಗಿಲಾಚೆ ಹೆಜ್ಜೆಯಿಟ್ಟು ಕಿತ್ತು ತರುತ್ತಿದ್ದ ಸೊಪ್ಪುಗಳು. ಒಂದೆಲಗದ ಚಟ್ನಿ, ತಂಬುಳಿಗಳ ಹೆಸರನ್ನು ಕೇಳಿರುವ, ಆದರೆ ಗಿಡವನ್ನು ಕಣ್ಣಾರೆ ಕಾಣದಿರುವ ಬಾಲಿಕೆಯರು ಈಗ ನಮ್ಮ ತರಗತಿಗಳಲ್ಲಿ ತುಂಬಿದ್ದಾರೆ. ಸಸ್ಯಪಾಠಕ್ಕೆ ಹತ್ತು ಬಗೆಯ ಎಲೆಗಳನ್ನು ತರಬೇಕೆಂದು ಹೇಳಿದರೆ, ಒಂದೇ ಮೂರು ಹಾಲೆಯ ಎಲೆಯು ಮೂವತ್ತು ಕೈಗಳಲ್ಲಿ ಬಂದುದನ್ನು ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಕಂಡಿದ್ದಾರೆ. ಬಡತನವು ಅನ್ನಬಟ್ಟೆಗಳಲ್ಲಿ ಮಾತ್ರ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಜೀವಗಳು ಹತ್ತು ಹೋಗಿ ಒಂದಾಗುವುದೂ ಬಡತನವೇ.

ಈ ಹೂವಿಗೆ ಜೇನುನೊಣಗಳೂ ಚಿಟ್ಟೆಗಳೂ ಬರುತ್ತವೆಯಲ್ಲಾ ಎಂದು ಹಳೆಯ ವಿದ್ಯಾರ್ಥಿನಿಯೊಬ್ಬರು ವಾದಿಸಿರುವರು. ಬರುತ್ತವೆ, ಅದು ನಿಜ. ಆದರೆ ಚಿಟ್ಟೆಗೆ ಔತಣದ ಮನೆಯಿದ್ದರೆ ಸಾಲದು, ತೊಟ್ಟಿಲಿನ ಮನೆಯೂ ಬೇಕು. ಮೊಟ್ಟೆಯಿಂದ ಹೊರಟ ಹುಳವು ಸಿಕ್ಕಿದ ಎಲೆಯನ್ನೆಲ್ಲ ತಿನ್ನುವುದಿಲ್ಲ. ಒಂದೊಂದು ಜಾತಿಗೂ ಅದರದೇ ಆದ ಗಿಡವುಂಟು. ಕಿತ್ತಳೆಬಣ್ಣದ ರೆಕ್ಕೆಗೆ ಕಪ್ಪಂಚುಳ್ಳ, ನಮ್ಮೂರಿನಲ್ಲಿ ಎಲ್ಲೆಲ್ಲಿಯೂ ಕಾಣುವ ಚಿಟ್ಟೆಯು ಎಕ್ಕದ ಎಲೆಯ ಮೇಲೆ ಮೊಟ್ಟೆಯಿಡುವುದು. ನಿಂಬೆಯ ಎಲೆಯನ್ನು ತಿಂದು ಬೆಳೆಯುವ ಚಿಟ್ಟೆಯನ್ನು ನೀವು ನಿಮ್ಮ ಹಿತ್ತಿಲಲ್ಲಿಯೇ ಕಂಡಿರುವಿರಿ. ಬೇಕಾದ ಗಿಡವು ಇಲ್ಲವಾದರೆ ಅದನ್ನು ನೆಚ್ಚಿದ ಚಿಟ್ಟೆಯೂ ಇಲ್ಲವಾಗುವುದು. ಆಗ ಹಳದಿ ಹೂವು ಎಷ್ಟು ಮಧುವನ್ನಿಟ್ಟುಕೊಂಡು ಕಾದಿದ್ದರೂ ಅತಿಥಿಗಳು ಬರಲಾರರು.

ಇದು ಮೊದಲನೆಯ ಸಂಗತಿಯೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದದ ಬೇಲಿಗಿಡವೆಂದು ಲಾಂಟಾನವನ್ನು ತಂದರು. ಅದರ ಹೂವನ್ನು ಮೆಚ್ಚದ ಮಗುವಿಲ್ಲ. ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಗುಲಾಬಿ ಬಣ್ಣಗಳು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಕಾಡಿಗೆ ಒಯ್ದುವು. ೨೦೨೦ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಮೇರೆಗೆ ಭಾರತದ ಹುಲಿಯ ನೆಲೆಗಳಲ್ಲಿ ಶೇಕಡಾ ೪೦ಕ್ಕಿಂತ ಹೆಚ್ಚು ಭಾಗವು ಲಾಂಟಾನದ ಬಾಧೆಗೆ ಒಳಗಾಗಿದೆ. ನಮ್ಮ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ೧೯೯೭ರಲ್ಲಿಯೂ ೨೦೦೮ರಲ್ಲಿಯೂ ಅಳತೆ ಮಾಡಿ ನೋಡಿದಾಗ, ಅಷ್ಟರೊಳಗೆ ಲಾಂಟಾನವು ಕಾಣಿಸಿಕೊಂಡ ತಾಣಗಳು ಹೆಚ್ಚುಕಡಮೆ ಇಮ್ಮಡಿಯಾಗಿದ್ದುವು. ಅಲ್ಲಿ ತಲೆತಲಾಂತರದಿಂದ ಬಾಳುತ್ತಿರುವ ಸೋಲಿಗರಿಗೆ ಕಾಡಿನ ದಾರಿಗಳು ಮುಚ್ಚಿದುವು, ನೆಲ್ಲಿಯ ಮರದ ಸಸಿಗಳಿಗೆ ಬೆಳಕು ತಪ್ಪಿತು. ಅವರ ಬಂಧುಗಳಾದ ಮಲೆಮಹದೇಶ್ವರ ಬೆಟ್ಟದ ಕಡೆಯ ಜನರು ಅದೇ ಲಾಂಟಾನದ ಕಡ್ಡಿಗಳಿಂದ ಕುರ್ಚಿ ಮೇಜುಗಳನ್ನು ಹೆಣೆಯಲು ಕಲಿತುದು ಅವರ ಜಾಣ್ಮೆಗೆ ಸಾಕ್ಷಿಯಾಗಿದೆ. ಆದರೆ ಎಲ್ಲಿಯೋ ಒಂದು ತೋಟದಲ್ಲಿ ಯಾರೋ ಮೆಚ್ಚಿದ ಹೂವಿನ ಸಾಲವನ್ನು ಆ ಹೂವನ್ನು ಎಂದೂ ಬೇಡದ ಬಡವರು ತೀರಿಸುತ್ತಿರುವರೆಂಬುದನ್ನು ನಾವು ಮರೆಯಲಾಗದು.

ನೀರು ಹಯಾಸಿಂತಿನ ಕಥೆಯೂ ಇದೇ. ಅದರ ನಸುನೇರಿಳೆ ಹೂವಿನ ಚೆಲುವಿಗೆ ಮರುಳಾಗಿ ತಂದುದು ಬಂಗಾಳದ ನದಿಗಳಲ್ಲಿ ದೋಣಿಗಳ ದಾರಿಯನ್ನು ಕಟ್ಟಿತು. ೧೯೩೬ರಲ್ಲಿ ಅದನ್ನು ತೆಗೆಯುವುದಕ್ಕಾಗಿಯೇ ಅಲ್ಲಿ ಒಂದು ಶಾಸನವನ್ನು ಮಾಡಬೇಕಾಯಿತು. ನಮ್ಮ ಬೆಳ್ಳಂದೂರಿನ ಕೆರೆಯನ್ನು ಅದು ಹೇಗೆ ಹೊದ್ದುಕೊಂಡಿತೆಂಬುದನ್ನು ನೀವೇ ಕಂಡಿರುವಿರಿ. ಡೇಸಿಯ ಕುಟುಂಬದಲ್ಲಿಯೇ ಹೇಳುವುದಾದರೆ, ಮೆಕ್ಸಿಕೋದಿಂದ ಅಲಂಕಾರಕ್ಕೆಂದು ಬಂದ ಕಾಡುಸೂರ್ಯಕಾಂತಿಯು ಕೊಡಗಿನ ರಸ್ತೆಗಳ ಬದಿಯಲ್ಲಿ ಹಳದಿ ಗೋಡೆಯಂತೆ ನಿಂತಿದೆ. ಪಾರ್ಥೇನಿಯಂ, ಅಂದರೆ ನಮ್ಮ ಜನರು ಕಾಂಗ್ರೆಸ್ ಗಿಡವೆನ್ನುವುದು, ಅಲಂಕಾರಕ್ಕೆ ಬಂದುದಲ್ಲ. ೧೯೫೫ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡು ಬೇಗನೆ ನಮ್ಮ ನಾಡನ್ನೂ ತುಂಬಿತು. ಎಷ್ಟೋ ಮಂದಿಗೆ ಚರ್ಮರೋಗವನ್ನೂ ಉಬ್ಬಸವನ್ನೂ ತಂದಿತು. ಅದನ್ನು ತಿನ್ನುವ ಮೆಕ್ಸಿಕೋದ ಒಂದು ಜೀರುಂಡೆಯನ್ನು ತರಿಸಿ, ಪರೀಕ್ಷಿಸಿ, ೧೯೮೪ರಲ್ಲಿ ಬೆಂಗಳೂರಿನಲ್ಲಿಯೇ ಬಿಡಬೇಕಾಯಿತು. ಆ ಜೀರುಂಡೆಯು ತನ್ನಿಂದಾದಷ್ಟು ತಿನ್ನುತ್ತಿದೆ. ಗಿಡವಾದರೋ ಇನ್ನೂ ಹೋಗಿಲ್ಲ. ಬಂದ ಮೇಲೆ ಕಳುಹಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾನು ಮರೆಮಾಚದೆ ಎದುರಿಸಬೇಕಾಗಿದೆ. ಪೋಷಕರೊಬ್ಬರು ನಯವಾಗಿಯೇ ಕೇಳಿದರು: “ಹೊರಗಿನಿಂದ ಬಂದುದೆಂಬ ಕಾರಣಕ್ಕೆ ಗಿಡವನ್ನು ಕೀಳುವುದಾದರೆ, ಅಮ್ಮಾ, ಹೊರಗಿನಿಂದ ಬಂದ ಮಿಷನ್ನಿನವರ ಶಾಲೆಯಲ್ಲಿ ನಿಂತು ಈ ಮಾತನ್ನು ಹೇಳಬಹುದೇ?” ಈ ಪ್ರಶ್ನೆಯು ನನ್ನನ್ನು ಬಹುದಿನ ಕಾಡಿತು, ಇದಕ್ಕೆ ಉತ್ತರ ಸಿಕ್ಕದ ಹೊರತು ಗುದ್ದಲಿಯನ್ನು ಮುಟ್ಟಬಾರದೆಂದು ನಾನು ನಿಶ್ಚಯಿಸಿದ್ದೆನು.

ನನ್ನ ಉತ್ತರವು ಇದು. ಹೊರಗಿನಿಂದ ಬರುವುದು ದೋಷವೇ ಅಲ್ಲ. ಮೈಸೂರು ಸೀಮೆಯ ಪ್ರಾಣವೆನಿಸಿದ ರಾಗಿಯು ಬಹು ಪೂರ್ವದಲ್ಲಿ ಆಫ್ರಿಕದಿಂದ ಬಂದುದು. ನಮ್ಮ ಸಾರಿನ ಹುಣಸೆಯೂ ಆಫ್ರಿಕದ್ದೇ. ಮೆಣಸಿನಕಾಯಿ, ಟೊಮೇಟೊ, ಆಲೂಗೆಡ್ಡೆ, ಸೀಬೆ ಅಮೆರಿಕದವು. ಗಾಂಧಿಬಜಾರಿನಲ್ಲಿ ರಾಶಿರಾಶಿಯಾಗಿ ಸುರಿದು ಮಾರುವ, ಹಬ್ಬದ ದಿನ ಪ್ರತಿಯೊಂದು ಬಾಗಿಲಿಗೂ ಏರುವ ಚೆಂಡುಹೂವು ಈ ಡೇಸಿಯ ಊರಿನದೇ, ಅಂದರೆ ಮೆಕ್ಸಿಕೋದ್ದೇ, ಇದೇ ಕುಟುಂಬದ್ದೇ. ಆದರೂ ಚೆಂಡುಹೂವನ್ನು ನಾವು ಕಳೆಯೆನ್ನುವುದಿಲ್ಲ. ಯಾಕೆಂದರೆ ಅದು ಬಿತ್ತಿದಲ್ಲಿ ಬೆಳೆಯುವುದು, ಹೂ ಕೊಡುವುದು, ಕಾಲ ಬಂದಾಗ ಒಣಗಿ ನೆಲವನ್ನು ಮುಂದಿನ ಬೆಳೆಗೆ ಬಿಟ್ಟುಕೊಡುವುದು. ಒಂದೇ ತವರಿನ ಇಬ್ಬರು ಸೋದರಿಯರಲ್ಲಿ ಒಬ್ಬಳು ಸೊಸೆಯಾಗಿ ಬಂದು ಮನೆಯನ್ನು ಬೆಳಗಿದಳು. ಇನ್ನೊಬ್ಬಳು ಬಂದು ಮನೆಯವರನ್ನೆಲ್ಲ ಹೊರಗೆ ಹಾಕಿದಳು. ತವರನ್ನು ದೂರಿ ಫಲವೇನು? ನೆರೆಯವರಿಗೆ ಎಡೆಗೊಡುವುದೋ ಇಲ್ಲವೋ ಎಂಬುದೊಂದೇ ಪರೀಕ್ಷೆ.

ಇದೇ ಪರೀಕ್ಷೆಗೆ ನಮ್ಮ ಶಾಲೆಯನ್ನೂ ಒಡ್ಡಲು ನಾನು ಹಿಂಜರಿಯುವುದಿಲ್ಲ. ಹೊರಗಿನಿಂದ ಬಂದ ಮಿಷನರಿಗಳಲ್ಲಿ ನಮ್ಮ ನುಡಿಯ ಅಡಿಯಲ್ಲಿ ವಿದ್ಯಾರ್ಥಿಗಳಾಗಿ ಕುಳಿತವರುಂಟು; ಕಿಟ್ಟೆಲ್ ಪಂಡಿತರು ಬಹುಕಾಲ ದುಡಿದು ೧೮೯೪ರಲ್ಲಿ ಪ್ರಕಟಿಸಿದ ನಿಘಂಟು ಕನ್ನಡವನ್ನು ಮುಚ್ಚಲಿಲ್ಲ, ಅದಕ್ಕೆ ದೀಪ ಹಿಡಿಯಿತು. ಇಲ್ಲಿಯದನ್ನು ಕೀಳೆಂದು ಬಗೆದವರೂ ಆ ಗುಂಪಿನಲ್ಲಿ ಇಲ್ಲದೇ ಇರಲಿಲ್ಲ. ಯಾವ ಶಾಲೆಯು ತನ್ನ ಬಾಲಿಕೆಯರಿಗೆ ಅವರ ಮನೆಮಾತು, ಅಜ್ಜಿಯ ಸೊಪ್ಪು, ನೆರೆಯವರ ಹಬ್ಬ ಇವುಗಳನ್ನು ಮರೆಯಿಸುವುದೋ ಆ ಶಾಲೆಯು ಈ ಡೇಸಿಯೇ ಸರಿ. ಯಾವುದು ಅವುಗಳ ನಡುವೆ ತನಗೂ ಒಂದು ಮೂಲೆಯನ್ನು ಬೇಡಿಕೊಂಡು ನಿಲ್ಲುವುದೋ ಅದು ಚೆಂಡುಹೂವು. ನಾವು ಎರಡನೆಯದಾಗಿರಬೇಕೆಂಬುದೇ ನನ್ನ ಪ್ರಾರ್ಥನೆ. ಆದಕಾರಣ ಗಿಡಗಳ ವಿಷಯದಲ್ಲಿ ಹೇಳಿದ ಈ ಮಾತನ್ನು ಯಾರೂ ಮನುಷ್ಯರ ಮೇಲೆ ತಿರುಗಿಸಬಾರದೆಂದು ಕೇಳಿಕೊಳ್ಳುತ್ತೇನೆ. ಬೇರೆ ಊರಿನಿಂದ ದುಡಿಯಲು ಬಂದವರನ್ನು ಕಳೆಯೆಂದು ಕರೆಯುವ ಬಾಯಿಗೆ ನನ್ನ ಲೇಖನವು ತುತ್ತಾಗಬಾರದು.

ಕ್ರೈಸ್ತ ವಾಚಕರಲ್ಲಿ ಕೆಲವರಿಗೆ ಮತ್ತಾಯನ ಸುವಾರ್ತೆಯ ಹಣಜಿಯ ಸಾಮ್ಯವು ನೆನಪಿಗೆ ಬಂದಿರಬಹುದು. ಅಲ್ಲಿ ಯಜಮಾನನು ಕಳೆಯನ್ನು ಕೀಳಲು ಹೊರಟ ಆಳುಗಳನ್ನು ತಡೆದು, ಸುಗ್ಗಿಯ ತನಕ ಕಾಯಹೇಳಿದನಷ್ಟೆ. ಆ ಸಾಮ್ಯವು ಮನುಷ್ಯರನ್ನು ಕುರಿತದ್ದು. ಮನುಷ್ಯನಲ್ಲಿ ಗೋಧಿ ಯಾವುದು, ಹಣಜಿ ಯಾವುದು ಎಂದು ತೀರ್ಪು ಮಾಡುವ ಕಣ್ಣು ನಮಗಿಲ್ಲ. ಅಲ್ಲಿ ತಾಳ್ಮೆಯೇ ಧರ್ಮ. ನೆಲದ ವಿಷಯದಲ್ಲಾದರೋ ನಮಗೆ ಬೇರೆ ಆಜ್ಞೆಯುಂಟು. ಏದೆನ್ ತೋಟವನ್ನು ಮನುಷ್ಯನಿಗೆ ಒಪ್ಪಿಸಿದಾಗ ಅದನ್ನು ಅನುಭವಿಸುವ ಹಕ್ಕಿಗೆ ಮೊದಲು ಅದನ್ನು ಕಾಯುವ ಹೊಣೆಯನ್ನು ಹೊರಿಸಲಾಯಿತು. ಡೇಸಿಯೂ ದೇವರ ಸೃಷ್ಟಿಯೇ. ತನ್ನ ತವರಿನಲ್ಲಿ ಅದು ನಿರಪರಾಧಿ. ಅದನ್ನು ಕಡಲಾಚೆಗೆ ಹೊತ್ತು ತಂದವರು ಮನುಷ್ಯರು. ಆದುದರಿಂದ ಅದನ್ನು ಮೇರೆಯಲ್ಲಿಡುವ ಕೆಲಸವೂ ಮನುಷ್ಯರದೇ.

ಇನ್ನು ಮಾಡತಕ್ಕ ಕೆಲಸ. ನಿಮ್ಮ ಅಂಗಳದಲ್ಲಿ ಈ ಗಿಡವಿದ್ದರೆ ಒಂದೆರಡು ಹದಮಳೆ ಬಿದ್ದು ಮಣ್ಣು ಸಡಿಲವಾದಾಗ ಆರಂಭಿಸಿರಿ. ಯಂತ್ರವನ್ನು ಮುಟ್ಟಬೇಡಿರಿ. ಪಾತಿಯ ಹೊರ ಅಂಚಿನಿಂದ ಒಳಕ್ಕೆ, ದಂಟನ್ನು ತುಂಡಾಗಗೊಡದೆ, ಗೆಣ್ಣಿನ ಬೇರುಗಳೊಡನೆ ಕೈಯಿಂದಲೂ ಸಣ್ಣ ಗುದ್ದಲಿಯಿಂದಲೂ ಎತ್ತಿ ಚಾಪೆಯಂತೆ ಸುತ್ತುತ್ತ ಬನ್ನಿರಿ. ಕಿತ್ತುದನ್ನು ಬರಿ ಮಣ್ಣಿನ ಮೇಲೆ ರಾಶಿ ಹಾಕಿದರೆ ರಾಶಿಯೇ ಚಿಗುರುವುದು. ಟಾರ್ಪಾಲಿನ ಮೇಲಾಗಲಿ ಸಿಮೆಂಟಿನ ತಾರಸಿಯ ಮೇಲಾಗಲಿ ಹರಡಿ, ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿಸಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಿರಿ. ಹಸಿಯಾಗಿ ಯಾರಿಗೂ ಕೊಡಬೇಡಿರಿ. ಚರಂಡಿಗೂ ನೆರೆಯ ನಿವೇಶನಕ್ಕೂ ಎಸೆಯಬೇಡಿರಿ. ಒಂದು ಸಲ ಕಿತ್ತರೆ ಮುಗಿಯಿತೆಂದು ತಿಳಿಯಬೇಡಿರಿ. ಹದಿನೈದು ದಿನಕ್ಕೊಮ್ಮೆ ಬಂದು ನೋಡಿ, ತಪ್ಪಿಹೋದ ತುಂಡುಗಳನ್ನು ಹೆಕ್ಕಬೇಕು. ನಮ್ಮ ಎಂಟನೆಯ ಒಂಬತ್ತನೆಯ ತರಗತಿಗಳ ಬಾಲಿಕೆಯರು ಎರಡು ಮಳೆಗಾಲ ಸರದಿಯಂತೆ ಈ ಕೆಲಸವನ್ನು ಮಾಡಿದರು. ಮೊದಲನೆಯ ವರ್ಷ ಎಲ್ಲವೂ ಹೋಯಿತೆಂದುಕೊಂಡ ಸ್ಥಳದಲ್ಲಿ ಮರುವರ್ಷ ಆಷಾಢದಲ್ಲಿ ಮತ್ತೆ ಹಸುರು ಹರಿದಿತ್ತು. ಒಂದು ಬೆರಳುದ್ದದ ತುಂಡಿನ ಅಜಾಗರೂಕತೆಗೆ ಎಷ್ಟು ಬೆಲೆಯೆಂಬುದನ್ನು ಯಾವ ಪಾಠಪುಸ್ತಕವೂ ಅವರಿಗೆ ಇಷ್ಟು ಚೆನ್ನಾಗಿ ಕಲಿಸಲಾರದು.

ತೆಗೆದ ಸ್ಥಳವನ್ನು ಬರಿದಾಗಿ ಬಿಡಬಾರದು. ಬಿಟ್ಟರೆ ಪಾರ್ಥೇನಿಯಂ ಬಂದು ಕೂರುವುದು. ನೀರು ಬಸಿಯುವ ಮೂಲೆಗೆ ಒಂದೆಲಗವನ್ನು, ಬಿಸಿಲಿನ ಕಡೆಗೆ ಗರಿಕೆಯನ್ನೂ ವಿಷ್ಣುಕ್ರಾಂತಿಯನ್ನೂ, ಗೋಡೆಯ ಬುಡಕ್ಕೆ ತುಂಬೆ, ಕನಕಾಂಬರ, ಗೋರಂಟೆಗಳನ್ನು ಹಾಕಿರಿ. ಲಾಲ್‌ಬಾಗಿನ ನೆರೆಯ ಸಿದ್ದಾಪುರದ ಸಸಿತೋಟಗಳಿಗೆ ಹೋದಾಗ, ಹೂವಿನ ಬಣ್ಣವನ್ನೂ ಬೆಲೆಯನ್ನೂ ಕೇಳುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: ನಾನು ಇದನ್ನು ನೋಡಿಕೊಳ್ಳದೆ ಬಿಟ್ಟರೆ ಇದು ಎಲ್ಲಿಗೆ ಹೋಗುವುದು? ಕೊಳ್ಳುವವರು ಕೇಳತೊಡಗಿದರೆ ಮಾರುವವರೂ ಯೋಚಿಸುವರು. ಬಹುಮಹಡಿ ಮನೆಗಳ ನಿವಾಸಿಗಳ ಸಂಘಗಳಲ್ಲಿ ಇರುವ ಹಳೆಯ ವಿದ್ಯಾರ್ಥಿನಿಯರು ಈ ಪ್ರಸ್ತಾಪವನ್ನು ಅಲ್ಲಿ ಎತ್ತಬೇಕು. ಜೆ. ಪಿ. ನಗರದ ಪುಟ್ಟೇನಹಳ್ಳಿಯ ಕೆರೆಯನ್ನು ಸುತ್ತಲಿನ ನಿವಾಸಿಗಳೇ ಕೂಡಿಕೊಂಡು ಆರೈಕೆ ಮಾಡಿದುದು ನಮ್ಮ ಕಣ್ಣಮುಂದಿದೆ. ಸಾರಕ್ಕಿ, ಯಡಿಯೂರು, ಮಡಿವಾಳದ ಕೆರೆಗಳ ದಡಗಳಿಗೂ, ಬನಶಂಕರಿಯಾಚೆಯ ತುರಹಳ್ಳಿಯ ಕುರುಚಲು ಕಾಡಿನ ಅಂಚಿಗೂ ನಮ್ಮ ತೋಟಗಳ ಕಸವು ಹೋಗದಂತೆ ನೋಡಿಕೊಳ್ಳುವುದು ಯಾವ ಅಧಿಕಾರಿಯ ಅಪ್ಪಣೆಯನ್ನೂ ಕಾಯುವ ಕೆಲಸವಲ್ಲ.

ಒಂದು ಆವರಣದಲ್ಲಿ ಕಿತ್ತರೆ ಊರೆಲ್ಲ ಶುದ್ಧವಾಗುವುದೇ ಎಂದು ಕೇಳುವವರಿಗೆ ನನ್ನಲ್ಲಿ ದೊಡ್ಡ ಉತ್ತರವಿಲ್ಲ. ಆಗುವುದಿಲ್ಲ. ಆದರೆ ಈ ಗಿಡವು ಗಾಳಿಯಲ್ಲಿ ಹಾರಿ ಬರುವುದಕ್ಕಿಂತ ಹೆಚ್ಚಾಗಿ ಮನುಷ್ಯರ ಕೈಯಿಂದ ಕೈಗೆ ಹೋಗುವಂಥದು. ಹೀಗಿರುವುದರಿಂದ ಒಂದು ಕೈ ನಿಂತರೆ ಒಂದು ದಾರಿ ನಿಂತಂತೆಯೇ ಲೆಕ್ಕ. ನಮ್ಮ ಶಾಲೆಯಿಂದ ಇದುವರೆಗೆ ಹೊರಟ ಬಾಲಿಕೆಯರ ಮನೆಗಳನ್ನು ಎಣಿಸಿದರೆ ಆ ದಾರಿಗಳು ಕಡಮೆಯೇನಲ್ಲ.

ಹಿರಿಯ ಉಪಾಧ್ಯಾಯಿನಿಯವರ ನೆನಪನ್ನು ಅಳಿಸಿದಿರೆಂದು ನೊಂದುಕೊಂಡವರಿಗೆ ಒಂದು ಮಾತು. ಅವರು ನಮಗೆ ಬಿಟ್ಟುಹೋದುದು ಆ ಗಿಡವನ್ನಲ್ಲ, ಬರಿಗೋಡೆಯನ್ನು ಕಂಡು ಸುಮ್ಮನಿರಲಾರದ ಮನಸ್ಸನ್ನು. ಅಂದು ತಿಳಿಯದಿದ್ದುದು ಇಂದು ತಿಳಿದಿರುವಲ್ಲಿ, ಆ ಮನಸ್ಸಿದ್ದವರು ಇಂದು ಏನು ಮಾಡುತ್ತಿದ್ದರೋ ಅದನ್ನೇ ನಾವು ಮಾಡಿದ್ದೇವೆಂದು ನನ್ನ ನಂಬಿಕೆ.

ಹೊಸ ಪಾತಿಯು ಹಳೆಯದರಷ್ಟು ಸೊಗಸಾಗಿದೆಯೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲಾರೆನು. ಶ್ರಾವಣದಲ್ಲಿ ಅಲ್ಲಿ ತುಂಬೆಯು ಬಿಳಿದಾಗಿ ಅರಳುವುದು, ಒಂದೆಲಗವು ಹರಡುವುದು, ಬಾಲಿಕೆಯರು ಎಣಿಸಿದಾಗ ಹನ್ನೊಂದು ಬಗೆಯ ಗಿಡಗಳು ಸಿಕ್ಕಿದುವು. ಚೈತ್ರದಲ್ಲಾದರೋ ಅದರ ಮುಕ್ಕಾಲು ಭಾಗವು ಒಣಗಿ ಕೆಮ್ಮಣ್ಣು ಕಾಣುವುದು. ವರ್ಷವೆಲ್ಲ ಹಸುರಾಗಿರುವ ಗೋಡೆಯನ್ನು ಕಂಡು ರೂಢಿಯಾದ ಕಣ್ಣಿಗೆ ಅದು ಕೊರತೆಯಾಗಿ ತೋರಬಹುದು. ಬಯಲುಸೀಮೆಯ ನೆಲವು ಬೇಸಗೆಯಲ್ಲಿ ಹಾಗೆಯೇ ಇರತಕ್ಕುದು. ಆ ಒಣ ಮಣ್ಣಿನಲ್ಲಿ ಮುಂದಿನ ಮಳೆಗೆ ಕಾಯುವ ಬೀಜಗಳಿವೆ. ಈ ಬರಲಿರುವ ಬೇಸಗೆಯಲ್ಲಿ ನೀವು ಶಾಲೆಗೆ ಬಂದು ಆ ಬರಿನೆಲವನ್ನು ಕಂಡರೆ, ಯಾರೂ ಅದನ್ನು ಅಲಕ್ಷ್ಯ ಮಾಡಿಲ್ಲವೆಂದು ತಿಳಿದು, ಮಳೆಯ ತನಕ ಸೈರಿಸಬೇಕೆಂದು ಬೇಡಿಕೊಳ್ಳುತ್ತೇನೆ.

— ಮುಖ್ಯೋಪಾಧ್ಯಾಯಿನಿ